ಖಾಲಿ ಹೊಟ್ಟೆಗೆ ಸುತ್ತಿದ ಸೀರೆ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಬಳ್ಳಾರಿಯ ಆಸ್ಪತ್ರೆಯ ಹೆಂಗಸರ ವಾರ್ಡು. ನರ್ಸು ಅವ್ವನ ಬಾಯಿಂದ ಥರ್ಮಾಮೀಟರ್ ತೆಗೆದು, ನೋಡಿ, ಝಾಡಿಸಿ ಮತ್ತೆ ಇಟ್ಟಳು. ಎರಡನೇ ಸಲವೂ ನೂರಾ ಮೂರು!

ಗರ್ಭಕೋಶದ ಕ್ಯಾನ್ಸರಿಗೆ ಆಪರೇಷನ್ ಆಗಿ ಅದು ಆರನೇ ದಿನ. ಗರ್ಭಕೋಶದ ಸಮೇತ ಗಡ್ಡೆ ಪೂರ್ತಿ ತೆಗೆದಿದ್ದೇವೆ ಎಂದು ಲೇಡಿ ಡಾಕ್ಟರ್ ಹೇಳಿದ್ದರು. ಹಾಗಾದರೆ ಈ ಜ್ವರ ಎಲ್ಲಿಂದ ಬಂತು?

ಡಾಕ್ಟರ್ ಬಂದು ಹೊದಿಕೆ ಸರಿಸಿದರು. ಬ್ಯಾಂಡೇಜಿನ ಮೇಲೆ ಹಳೇ ಸೀರೆಯೊಂದನ್ನು ಬಿಗಿಯಾಗಿ ಸುತ್ತಲಾಗಿತ್ತು. ಬಿಚ್ಚಿದರೆ ಹರಳೆಣ್ಣೆ, ಬೆವರು, ಕೀವು. (ಆ ವಾಸನೆ ಊಟಕ್ಕೆ ಕುಳಿತಾಗ ಈಗಲೂ ಬರುತ್ತದೆ.)

"ಯಾರು ಕಟ್ಟಿದ್ದು?"

"ನಾನ್ರಿ," ಎಂದಳು ಬಾದನಹಟ್ಟಿಯಿಂದ ಬಂದಿದ್ದ ದೊಡ್ಡವ್ವ, ಅವ್ವನ ಅಕ್ಕ. "ಬಾಣಂತಿಗೆ ಕಟ್ಟಂಗಿಲ್ಲೇನ್ರಿ? ಕೂಸು ಹೊರಗ ಬಂದ್ರೇನು, ಕೂಸಿನ ಚೀಲಾನ ಹೊರಗ ಬಂದ್ರೇನು? ಖಾಲಿ ಹೊಟ್ಟಿಗೆ ಗಾಳಿ ಹೊಕ್ಕಂತೈತಿ."

"ರೌಂಡ್ಸಿಗೆ ಬಂದಾಗ ಇದು ಕಾಣಲಿಲ್ಲವಲ್ಲ?"

"ನೀವು ಬರೂ ಮುಂದ ಬಿಚ್ಚತಿದ್ದೆ, ಹೋದಮ್ಯಾಲ ಕಟ್ಟತಿದ್ದೆ. ಬೈತೀರಲ್ರಿ!"

ಡಾಕ್ಟರ್ ಬೈಯಲಿಲ್ಲ. ಸೀರೆ ಎತ್ತಿ ಬೆಳಕಿಗೆ ಹಿಡಿದರು. "ಎಲ್ಲಿತ್ತು ಇದು?"

"ತಂಗಿ ಮನಿಯಿಂದ, ಸಿರುಗುಪ್ಪದಿಂದ ತಂದ ಟ್ರಂಕಿನಾಗ. ಒಗದದ್ದ ಐತ್ರಿ."

"ಹೊಟ್ಟೆಗೆ ನಾವೂ ಪಟ್ಟಿ ಕಟ್ಟುತ್ತೇವಮ್ಮ. ಆದರೆ ಬಟ್ಟೆ ಕುದಿಸಿ ಕಟ್ಟುತ್ತೇವೆ."

"ಇಷ್ಟ ಫರಕೇನ್ರಿ?"

"ಇಷ್ಟೇ."

ಅವ್ವನ ಪ್ರಾಣ ಆ 'ಇಷ್ಟೇ'ಯಲ್ಲಿ ನಿಂತಿತ್ತು. ಹೊಲಿಗೆ ಬಿಚ್ಚಿ ಕೀವು ತೆಗೆದರು. ಮೂರು ಗಂಟೆಗೊಮ್ಮೆ ಪೆನಿಸಿಲಿನ್ ಸೂಜಿ. ಮರುದಿನ ಅವ್ವ ಜ್ವರದ ಮಂಪರಿನಲ್ಲಿ ನನ್ನನ್ನೇ ನೋಡಿ, "ಯಾರವ್ವ ನೀನು, ಯಾರ ಮನಿಯಾಕಿ?" ಎಂದಳು.

ದೊಡ್ಡವ್ವನನ್ನು ಬೈಯಲು ಹೊರಟಿರಾ? ತಡೆಯಿರಿ. ಸೀರೆಯ ಇನ್ನೊಂದು ತುದಿ ಹಿಡಿದು ಎಳೆದವಳು ನಾನೇ. ಬಿ.ಎ. ಪಾಸಾದವಳು! ಕ್ರಿಮಿಗಳ ಪಾಠವನ್ನು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೆ. ದೊಡ್ಡವ್ವ ಬ್ಯಾಂಡೇಜು ಸರಿಸಿ ಹೊಲಿಗೆಯ ಮೇಲೆ ಎಣ್ಣೆ ಬಿಡುವಾಗ ಅದು ನೆನಪಿಗೂ ಬಂತು. ಆದರೆ ಬಾಣಂತನದ ಮಾತಿನಲ್ಲಿ ಮದುವೆಯಾಗದ ಹುಡುಗಿ ಬಾಯಿ ಹಾಕುವುದೇ? ಸುಮ್ಮನಿದ್ದೆ. ಓದಿದ್ದು ಪರೀಕ್ಷೆಗೆ ಮಾತ್ರ ಎಂದು ನಮಗೆ ಯಾರು ಕಲಿಸಿದರೋ?

ಹನ್ನೊಂದನೇ ದಿನ, ಬುಧವಾರ, ಜ್ವರ ಇಳಿಯಿತು. ಅಂದು ರಾತ್ರಿ ಮೂವರೂ ಬೆಳಗಾಗುವವರೆಗೆ ಮಲಗಿದೆವು. ನಾನು ಕಣ್ಣು ತೆರೆದಾಗ ದೊಡ್ಡವ್ವ ಆಗಲೇ ಎದ್ದು, ತುರುಬು ಕಟ್ಟಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು.

"ಲೇ, ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ನಿನಗ ಗೊತ್ತಿತ್ತಲ್ಲ, ನನ್ನ ಕೈ ಯಾಕ ಹಿಡೀಲಿಲ್ಲ?"