ಭತ್ತದ ಕಣಜದಲ್ಲಿ ಹೊಸ ವೈನ್

ನರಸಿಂಹರಾಜಪುರಕ್ಕೆ ಮೊಬೈಲ್ ಸಿಗ್ನಲ್ ಬಂದ ಹೊಸತು. ದ್ರಾಕ್ಷಿ ಕೊಯ್ಲಾದ ಬೆನ್ನಿಗೇ ಮಾರುವ ಹೊಸ ಕೆಂಪು ವೈನನ್ನು ಬೆಂಗಳೂರಿನಿಂದ ತಂದು ಸೀತೂರಿನ ಭಾವನಿಗೆ ಕೊಟ್ಟೆ. ಇದನ್ನು ಹಳೆಯದು ಮಾಡುವಂತಿಲ್ಲ, ಬೇಗ ಕುಡಿದು ಮುಗಿಸಬೇಕು ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ಭಾವ ಎಲ್ಲದಕ್ಕೂ ತಲೆಯಾಡಿಸಿದ್ದರು.

ಎರಡು ಮಳೆಗಾಲ ಕಳೆದ ಮೇಲೆ ಊಟಕ್ಕೆ ಕರೆದರು. ಭತ್ತದ ಕಣಜದೊಳಗೆ ಕೈ ಹಾಕಿ ಅದೇ ಬಾಟಲಿಯನ್ನು ಹೊರತೆಗೆದರು. ಅವರ ಮನೆಯಲ್ಲಿ ಮಾವಿನಕಾಯಿಯನ್ನು ಹಣ್ಣಾಗಲು ಹೂತಿಡುವುದೂ ಅಲ್ಲೇ. ನನಗೆ ಮೈಯೆಲ್ಲ ಉರಿಯಿತು. ಒಂದು ಗುಟುಕು ಕುಡಿದರೆ ಹುಳಿಗೆ ಹಲ್ಲು ಚಳಿತುಹೋಯಿತು.

"ಇಡಬೇಡಿ ಅಂತ ಎಷ್ಟು ಸಲ ಹೇಳಿದ್ದೆ ಭಾವ?"

ಅವರೂ ಒಂದು ಗುಟುಕು ಕುಡಿದು ಮುಖ ಹಿಂಡಿದರು. ಮುಚ್ಚಳ ಬಿಗಿದು ಬಾಟಲಿಯನ್ನು ಮತ್ತೆ ಭತ್ತದೊಳಗೆ ಹೂತರು.

"ಇನ್ನೂ ಹಣ್ಣಾಗ್ಲಿಲ್ಲ ಮಾರಾಯ."