ಕತ್ತಿ ಹಿಡಿದ ಟೈಪಿಂಗ್ ಟೀಚರು

ಕೀಲಿಗಳನ್ನು ನೋಡಬಾರದು, ಒಂದೇ ಬೆರಳಲ್ಲಿ ಕುಟ್ಟಬಾರದು. ದೊಡ್ಡಬಳ್ಳಾಪುರದ ನಮ್ಮ ಪುಟ್ಟ ಬೆರಳಚ್ಚು ಶಾಲೆಗೆ ಸೇರುವ ಎಲ್ಲರಿಗೂ ನಾನು ಹೇಳುತ್ತಿದ್ದ ಮೊದಲ ಪಾಠ ಇದು. ಈ ಎರಡು ನಿಯಮಗಳನ್ನೂ ನಾನೇ ಒಂದೂವರೆ ತಿಂಗಳ ಕಾಲ, ಬಾಗಿಲು ಮುಂದೆ ಮಾಡಿಕೊಂಡು, ಮನಸಾರೆ ಮುರಿದೆ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಎಂಟು ಟೈಪ್‌ರೈಟರುಗಳ ನಡುವೆ ಒಂದು ಕಂಪ್ಯೂಟರು ಹೊಸ ಸೊಸೆಯ ಹಾಗೆ ಬಂದು ಕೂತಿತ್ತು. ಬೆಂಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ನನ್ನ ತಮ್ಮ ಒಂದು ಭಾನುವಾರ ಬಂದವನು ಅದರೊಳಗೆ ಒಂದು ಆಟ ಹಾಕಿಕೊಟ್ಟು, "ಅಕ್ಕಾ, ಸುಮ್ನೆ ನೋಡು, ಟೈಮ್ ಪಾಸಾಗತ್ತೆ" ಅಂದ. ಟೈಮೇನೋ ಪಾಸಾಯಿತು. ಫೇಲಾಗಲು ಹೊರಟವಳು ನಾನು.

ಆಟದೊಳಗೆ ಒಂದು ಇಡೀ ದೇಶವಿತ್ತು. ಕಾಡು, ಕೋಟೆ, ಹಾಳು ಗುಡಿ, ಮಾತಾಡುವ ಮುದುಕರು, ಮಾತಾಡದೆ ಮೈಮೇಲೆ ಬೀಳುವ ರಾಕ್ಷಸರು. ಕೈಗೊಂದು ಕತ್ತಿ ಕೊಟ್ಟು, ಎಲ್ಲಿಗೆ ಬೇಕಾದರೂ ಹೋಗು ಎಂದು ಬಿಟ್ಟುಬಿಡುತ್ತಿದ್ದರು. ಸೂಲಿಬೆಲೆಯಲ್ಲಿ ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರನಿಗೆ, ಮೂರು ದಿಕ್ಕಿಗೂ ಹೋಗಪ್ಪಾ, ಉತ್ತರಕ್ಕೆ ಮಾತ್ರ ಹೋಗಬೇಡ ಎಂದು ಎಚ್ಚರಿಕೆ ಇರುತ್ತಿತ್ತು. ಅವನು ನೆಟ್ಟಗೆ ಉತ್ತರಕ್ಕೇ ಹೋಗುತ್ತಿದ್ದ. ಈ ಆಟದಲ್ಲಿ ಬೇಡ ಎನ್ನುವವರೇ ಇರಲಿಲ್ಲ. ಹಾಲಿನವನು ಬರುವುದರೊಳಗೆ, ಕುಕ್ಕರು ಕೂಗುವುದರೊಳಗೆ ಎಂದು ಗಡುವಿನಲ್ಲೇ ಬದುಕಿದ್ದ ನನಗೆ ಅದು ತಲೆಗೇರಿತು. ಮಧ್ಯಾಹ್ನ ಹನ್ನೆರಡಕ್ಕೆ ಕ್ಲಾಸು ಬಿಟ್ಟರೆ ಸಂಜೆ ನಾಲ್ಕರವರೆಗೆ ಯಾರೂ ಬರುತ್ತಿರಲಿಲ್ಲ. ಆ ನಾಲ್ಕು ಗಂಟೆ ನಾನು ಶೂರಳು.

ಶೂರಳ ಮೇಜಿನ ಡ್ರಾಯರಿನಲ್ಲಿ ಹದಿನಾಲ್ಕು ಜನರ ಪರೀಕ್ಷೆಯ ಅರ್ಜಿಗಳಿದ್ದವು. ಅವುಗಳಲ್ಲೊಂದು ರತ್ನಮ್ಮನದು. ಗಂಡ ತೀರಿಕೊಂಡ ಮೇಲೆ ಪಕ್ಕದ ಬೀದಿಯ ಮಗ್ಗದ ಮನೆಯಲ್ಲಿ ನೂಲು ಸುತ್ತುತ್ತಾ, ಬೆಳಿಗ್ಗೆ ಆರಕ್ಕೇ ಬಂದು ಟೈಪಿಂಗ್ ಕಲಿತ ಹೆಂಗಸು ಅವಳು. ಸರ್ಕಾರಿ ಕೆಲಸಕ್ಕೆ ಅವಳ ವಯಸ್ಸು ಮೀರುವ ಮುಂಚೆ ಉಳಿದಿದ್ದುದು ಇದೊಂದೇ ಪರೀಕ್ಷೆ. ಅರ್ಜಿಗಳನ್ನು ಬೆಂಗಳೂರಿನ ಕಚೇರಿಗೆ ಕೊನೆಯ ದಿನ ಐದು ಗಂಟೆಯೊಳಗೆ ನಾನೇ ಮುಟ್ಟಿಸಬೇಕಿತ್ತು. ಆ ಕೊನೆಯ ದಿನ, ಒಂದು ಗಂಟೆಯ ಬಸ್ಸಿಗೆಂದು ಸೀರೆ ಬದಲಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಈ ಹೊಳೆಯೊಂದನ್ನು ದಾಟಿಬಿಟ್ಟು ಹೊರಡೋಣ ಎಂದು ಕಂಪ್ಯೂಟರಿನ ಮುಂದೆ ಕೂತೆ.

ಹೊಳೆಯಾಚೆ ಒಂದು ಗುಹೆ ಇತ್ತು. ಗುಹೆಯಾಚೆ ಇನ್ನೊಂದು ಊರಿತ್ತು.

ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು. ಕರೆಂಟು ಹೋಗಿತ್ತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತು ಊರೇ ಉಸಿರು ಹಿಡಿದಂತಾಯಿತು. ಕರೆಂಟಿನವರನ್ನು ಶಪಿಸುತ್ತಾ ಬಾಗಿಲು ತೆಗೆದರೆ, ಎದುರಿಗೆ ರತ್ನಮ್ಮ. ಮಗ್ಗ ನಿಂತಿದ್ದರಿಂದ ಅವಳಿಗೆ ಬಿಡುವು ಸಿಕ್ಕಿತ್ತು.

"ಆಗ್ಲೇ ಬಂದ್ಬಿಟ್ರಾ ಮೇಡಂ? ಅರ್ಜಿ ತಗೊಂಡ್ರಾ ಅವ್ರು?"

ಗೋಡೆ ಗಡಿಯಾರ ನೋಡಿದೆ. ಮೂರಕ್ಕೆ ಹತ್ತು ನಿಮಿಷ.

"ಇಲ್ಲ ರತ್ನಮ್ಮ. ಹೋಗೇ ಇಲ್ಲ."

ಅವಳು ಡ್ರಾಯರಿನಿಂದ ಕಟ್ಟನ್ನು ತಾನೇ ಎತ್ತಿಕೊಂಡು, "ಬನ್ನಿ" ಎಂದು ಓಡಿದಳು. ಮೂರರ ಬಸ್ಸು ಆಗಲೇ ಹೊರಟಿತ್ತು. ಅದರ ಬೆನ್ನಿಗೆ ಬಡಿದು ನಿಲ್ಲಿಸಿದವಳೂ ಅವಳೇ. ಯಲಹಂಕದ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿಯ ಡಬ್ಬಿಗಳು ಮುಗಿಯುವಂತೆಯೇ ಕಾಣಲಿಲ್ಲ. ರತ್ನಮ್ಮ ಅರ್ಜಿಗಳನ್ನು ಎದೆಗೊತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ರಾಕ್ಷಸರ ಮುಂದೆ ಹೆದರದವಳು ಅವಳ ಕಡೆ ನೋಡಲಾರದೆ ಡಬ್ಬಿಗಳನ್ನು ಎಣಿಸುತ್ತಾ ಕೂತೆ.

ನಾವು ಕಚೇರಿಯ ಮೆಟ್ಟಿಲು ಹತ್ತುವಾಗ ಗುಮಾಸ್ತರು ಕಿಟಕಿಯ ಒಂದು ಬಾಗಿಲು ಮುಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದರು.

"ಏನಮ್ಮಾ, ದೊಡ್ಡಬಳ್ಳಾಪುರ ಏನು ದಿಲ್ಲಿಯಾಚೆ ಇದ್ಯಾ?" ಎಂದು ಗೊಣಗುತ್ತಲೇ ಕೈ ಚಾಚಿದರು. ಹದಿನಾಲ್ಕು ಸಲ ಮುದ್ರೆ ಒತ್ತುವ ಸದ್ದು ಕೇಳಿತು. ಒಂದೊಂದು ಸದ್ದಿಗೂ ನನ್ನೆದೆಯ ಮೇಲಿನ ಒಂದೊಂದು ಕಲ್ಲು ಇಳಿಯಿತು. ಹೊರಗೆ ಬಂದು ಇಬ್ಬರೂ ಮೆಟ್ಟಿಲ ಮೇಲೇ ಕೂತುಬಿಟ್ಟೆವು.

ವಾಪಸು ಬಸ್ಸಿನಲ್ಲಿ ನಿಜ ಹೇಳಿದೆ. "ನಾನು ಆಟ ಆಡ್ತಾ ಕೂತಿದ್ದೆ ರತ್ನಮ್ಮ. ಕಂಪ್ಯೂಟರಲ್ಲಿ."

ಅವಳು ಬೈದಿದ್ದರೆ ತಕ್ಕದ್ದೇ ಆಗುತ್ತಿತ್ತು. ಅವಳೋ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. "ನಿಮಗೆ ಹುಷಾರಿಲ್ವೇನೋ ಅಂತ ನಾನು ದೇವ್ರಿಗೆ ಕೈ ಮುಗೀತಿದ್ದೆ! ಅದ್ಯಾವ ಆಟ ಮೇಡಂ ಅಂಥದ್ದು?"

"ಎಲ್ಲಿಗೆ ಬೇಕಾದ್ರೂ ಹೋಗ್ಬಹುದು."

"ಒಬ್ಬರೇನಾ?"

"ಒಬ್ಬಳೇ."

"ಪರೀಕ್ಷೆ ಆದ್ಮೇಲೆ ನನಗೂ ತೋರ್ಸಿ."

ಪರೀಕ್ಷೆ ಮುಗಿದ ದಿನವೇ ಅವಳು ಬಂದಳು. ಕೂರಿಸಿ, ಬಾಣದ ಕೀಲಿಗಳನ್ನು ತೋರಿಸಿದೆ. ಕತ್ತಿ ಬೇಡವೆಂದು ಒಳಗಿಡಿಸಿದಳು. ರಾಜ ಒಪ್ಪಿಸಿದ ಕೆಲಸವನ್ನು ಕೇಳಿಸಿಕೊಳ್ಳಲೂ ಇಲ್ಲ. ಗುಡ್ಡ ಹತ್ತಿ ಇಳಿದು, ಸಮುದ್ರದ ದಡಕ್ಕೆ ಬಂದು ಕೀಲಿಗಳಿಂದ ಕೈ ತೆಗೆದಳು.

"ಅಲ್ಲಿ ನಿಲ್ಬೇಡ, ರಾಕ್ಷಸ ಬರ್ತಾನೆ" ಅಂದೆ.

"ಬಂದ್ರೆ ಬರ್ಲಿ ಬಿಡಿ ಮೇಡಂ. ನಾನು ಸಮುದ್ರ ನೋಡೇ ಇಲ್ಲ."

ಆ ದಡದಲ್ಲಿ ನಾನು ಎಷ್ಟೋ ಸಲ ಕತ್ತಿ ಹಿಡಿದು ಓಡಿದ್ದೆ. ಅಲ್ಲಿ ಅಲೆಗಳಿವೆ ಎಂದು ಕಂಡಿದ್ದು ಅವತ್ತು, ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತಾಗ.