ದೇವಿಂದ್ರಣ್ಣನ ಮಣ್ಣಿಗೆ ನಾನು ಯಾಕೆ ಬರಲಿಲ್ಲವೆಂದರೆ

ನಂಬಲಿಕ್ಕೆ ಆಗುತ್ತಿಲ್ಲ...
ಮೊನ್ನೆ ಸೋಮವಾರ ನನ್ನ ಡಬ್ಬಿಯ ಶೇಂಗಾ ಚಟ್ನಿಯನ್ನೆಲ್ಲ ಬಳಿದು ತಿಂದವನು...
ಇವತ್ತು ಇಲ್ಲವಂತೆ.

ಕಕ್ಕೇರಾದ ನಮ್ಮ ದೇವಿಂದ್ರಣ್ಣ ಹೋಗಿಬಿಟ್ಟ.
ಬೆಳಗ್ಗೆ ಚಹಾ ಕುಡಿದು ಕೂತಲ್ಲೇ ಎದೆ ಹಿಡಿದುಕೊಂಡನಂತೆ...
ಸುರಪುರದ ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು.

ಮಧ್ಯಾಹ್ನ ಮೂರಕ್ಕೆ ಮಣ್ಣು ಮಾಡಿದರು.
ನಾನು ಹೋಗಲಿಲ್ಲ.
ಗ್ರೂಪಿನಲ್ಲಿ ಕೇಳುತ್ತಿದ್ದೀರಿ... "ಮಾನಪ್ಪ, ಕೆಲಸ ಕಲಿಸಿದಾಂವನ ಮಣ್ಣಿಗೂ ಬರಲಿಲ್ಲಲ್ಲೋ" ಅಂತ.
ಕೇಳುವುದು ಸರಿಯೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಶಹಾಪುರದ ಆಚೆ ಗುಡ್ಡದ ಮೇಲೆ ತಿರುಗುತ್ತವಲ್ಲ, ಕರೆಂಟು ತೆಗೆಯುವ ಗಾಳಿ ಫ್ಯಾನುಗಳು...
ಅವನ್ನು ಆರು ತಿಂಗಳಿಗೊಮ್ಮೆ ನಿಲ್ಲಿಸಿ, ಕಂಬದೊಳಗಿನ ಏಣಿ ಹತ್ತಿ, ಒಂದೊಂದು ಬೋಲ್ಟಿಗೂ ಪಾನಾ ಹಾಕಿ ಬಿಗಿಯುವವರು ನಾವು.
ಬಿಗಿದ ಮೇಲೆ ಬೋಲ್ಟಿನಿಂದ ಅಡಿಯ ಕಬ್ಬಿಣದವರೆಗೆ ಮಾರ್ಕರಿನಿಂದ ಒಂದು ಗೆರೆ.
ಮುಂದೆ ಬೋಲ್ಟು ಸಡಿಲಾದರೆ ಗೆರೆ ತಪ್ಪುತ್ತದೆ.
ಗೆರೆ ಇದೆ ಎಂದರೆ ಬಿಗಿದಿದೆ ಎಂದೇ ಎಲ್ಲರೂ ನಂಬುತ್ತಾರೆ.

ಊರಿಗೆ ಕಾಲುವೆ ನೀರು ಬಂದ ಮೇಲೆ ಎಲ್ಲರೂ ಭತ್ತಕ್ಕೆ ಬಿದ್ದರು. ದೇವಿಂದ್ರಣ್ಣ ಫ್ಯಾನಿಗೆ ಬಿದ್ದ...
ಹದಿನೈದು ವರ್ಷ ಏರಿ ಇಳಿದ.
"ಸಾಹೇಬ್ರ, ಗಾಳಿ ಜೋರ್ ಅದರಿ. ಇವತ್ತ ಯಾರೂ ಏರಂಗಿಲ್ಲ" ಎಂದು ಮ್ಯಾನೇಜರಿಗೇ ಹೇಳಿ, ಎಲೆ ಅಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದ.
ಯಾರಪ್ಪನಿಗೂ ಹೆದರಿದವನಲ್ಲ.

ಅಣ್ಣಾ...
ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷದ ಮಾತನ್ನು ಇವರಿಗೆಲ್ಲ ಹೇಳಿಬಿಡುತ್ತೇನೆ. ಬೈಯಬೇಡ.

ಅವತ್ತು ನಮ್ಮ ಹೊಲಕ್ಕೆ ನೀರಿನ ಪಾಳಿ.
ನಮ್ಮದು ಕಾಲುವೆಯ ಕಡೆಯ ಹೊಲ. ಪಾಳಿ ಹೊತ್ತಿಗೆ ನಾವು ಇಲ್ಲದಿದ್ದರೆ ಮೇಲಿನವರು ನೀರು ತಿರುಗಿಸಿಕೊಳ್ಳುತ್ತಾರೆ.
ನೀನು ಮೊದಲೇ ಕೆಳಗಿಳಿದಿದ್ದೆ. ಮೇಲೆ ಇನ್ನೂ ಹನ್ನೆರಡು ಬೋಲ್ಟು ಬಾಕಿ...
ನಾನು ಪಾನಾ ಮುಟ್ಟಿಸದೆ ಹನ್ನೆರಡಕ್ಕೂ ಗೆರೆ ಎಳೆದೆ. ನಾಳೆ ಬಂದು ಬಿಗಿದರಾಯಿತು ಅಂದುಕೊಂಡೆ.

"ಎಲ್ಲಾ ಆತೇನೋ?" ಎಂದು ನೀನು ಕೇಳಿದೆ.
"ಆತಣ್ಣ" ಎಂದೆ.
ನನ್ನ ಮಾತು ನಂಬಿ ನೀನು ಫ್ಯಾನು ಚಾಲೂ ಮಾಡಿದೆ.

ಸಂಜೆ ನೀರು ಹಾಯಿಸುತ್ತಿದ್ದಾಗ ಗಾಳಿ ಎದ್ದಿತು. ಮೇಲಿನ ಹನ್ನೆರಡು ಬೋಲ್ಟು ನೆನಪಾದವು.
ನಿನಗೆ ಫೋನು ಹಚ್ಚಿ ಇದ್ದದ್ದು ಇದ್ದ ಹಾಗೆ ಹೇಳಿದೆ.
ನೀನು ಬೈಯಲಿಲ್ಲ.
"ಫ್ಯಾನ್ ಬಂದ್ ಮಾಡ್ತೀನಿ. ನೀ ನೀರ ಹಾಯ್ಸಿ ಮುಗಿಸಿ ಮುಂಜಾನಿ ಬಾ" ಎಂದೆ, ಅಷ್ಟೇ.

ಮುಂಜಾನೆ ಇಬ್ಬರೂ ಏರಿ ಹನ್ನೆರಡೂ ಬಿಗಿದೆವು.
ಇಳಿದ ಮೇಲೆ ನೀನು ರಿಜಿಸ್ಟರ್ ತಂದು ನನ್ನ ಮುಂದಿಟ್ಟೆ. ಫ್ಯಾನು ಯಾಕೆ ಬಂದ್ ಆಯಿತು ಎಂದು ಅದರಲ್ಲಿ ಬರೆಯಬೇಕಲ್ಲ...
"ನೌಕರಿ ಹೋಗ್ತದಣ್ಣ, ಸೆನ್ಸರ್ ಕೆಟ್ಟಿತ್ತು ಅಂತ ಬರಿ" ಎಂದು ಅತ್ತೆ.
"ಸುಳ್ಳ ಬರದ್ರ, ನಾಳಿ ಅದನ್ನ ನಂಬಿ ಏರಾಂವ ಸಾಯ್ತಾನ. ನೀನ ಬರಿ. ಇದ್ದದ್ದ ಬರಿ."

ಬರೆದೆ.
ಅದರ ಕೆಳಗೆ ನೀನು ನಿನ್ನ ಕೈಯಾರೆ ಬರೆದೆ... 'ಏರಿ ನೋಡದೆ ಚಾಲೂ ಮಾಡಿದ್ದು ನನ್ನ ತಪ್ಪು.'
ನನ್ನ ನೌಕರಿ ಉಳಿಯಿತು.
ಆ ವರ್ಷ ನಿನಗೆ ಬರಬೇಕಿದ್ದ ಸೂಪರ್‌ವೈಸರ್ ಪ್ರಮೋಷನ್ ಹೋಯಿತು.
ಒಂದು ದಿನವೂ ಆ ಮಾತು ಎತ್ತಿ ಆಡಲಿಲ್ಲ ನೀನು. ಚಟ್ನಿ ಮಾತ್ರ ದಿನಾ ಕಸಿದುಕೊಂಡೆ.

ಇವತ್ತು ಹನ್ನೊಂದಕ್ಕೆ ಸುದ್ದಿ ಬಂದಾಗ ನಾನು ಮೇಲಿದ್ದೆ.
ಅರ್ಧ ಬೋಲ್ಟು ಆಗಿದ್ದವು. ಎರಡಕ್ಕೆ ಫ್ಯಾನು ಚಾಲೂ ಆಗಲೇಬೇಕು ಎಂದು ಆಫೀಸಿನ ಆರ್ಡರ್. ಫೋನು ಮಾಡಿದರೆ, ಬದಲಿಗೆ ಯಾರೂ ಇಲ್ಲ, ಮುಗಿಸಿಯೇ ಹೋಗು ಅಂದರು.
ಜೊತೆಗಿದ್ದ ಯೂಸುಫ್ ನನ್ನ ಮುಖ ನೋಡಿದ.
"ಮಾನಪ್ಪಣ್ಣ... ಉಳದದ್ದಕ್ಕ ಗೆರಿ ಹೊಡದು ಇಳಿಯೂಣು ನಡೀರಿ. ನಾಳಿ ಬಂದು ಬಿಗಿಯೂಣು. ಮಣ್ಣು ಸಿಗ್ತದ" ಎಂದ.
ಪಾಪ, ನನ್ನ ಸಂಕಟ ನೋಡಲಾರದೆ ಅಂದ.

ಮಾರ್ಕರ್ ನನ್ನ ಕೈಯಲ್ಲೇ ಇತ್ತು ಅಣ್ಣಾ...
ಗೆರೆ ಎಳೆದಿದ್ದರೆ ಕಡೆಯ ಸಲ ನಿನ್ನನ್ನು ನೋಡುತ್ತಿದ್ದೆ.
ಯಾವ ಮುಖ ಇಟ್ಟುಕೊಂಡು ನೋಡಲಿ...
ಸ್ವಲ್ಪ ಹೊತ್ತು ಅಲ್ಲೇ ಕೂತು ಅತ್ತೆ. ಆಮೇಲೆ ಇಬ್ಬರೂ ಸೇರಿ ಒಂದೂ ಬಿಡದೆ ಬಿಗಿದೆವು.
ಇಳಿಯುವಷ್ಟರಲ್ಲಿ ಆಫೀಸಿನ ಎರಡು ಗಂಟೆಯೂ ಮೀರಿ ಮೂರೂವರೆ ಆಗಿತ್ತು. ಮೊಬೈಲಿನಲ್ಲಿ ಹೂವು ಹಾಕಿದ ಮಣ್ಣಿನ ಫೋಟೋ ಬಂದಿತ್ತು.

ನಿನ್ನ ಮನೆಯಾಕೆ ಗಂಗಮ್ಮ ವೈನಿಗೆ ಫೋನು ಮಾಡಿದೆ. ತಪ್ಪಾಯಿತು ವೈನಿ, ಅಣ್ಣನ ಮಣ್ಣಿಗೆ ಬರಲಿಲ್ಲ ಅಂದೆ. ಬೋಲ್ಟಿನ ಮಾತೂ ಹೇಳಿದೆ.
"ಎಲ್ಲಾ ಬಿಗದು ಇಳದೇನಪ್ಪಾ?" ಎಂದಳು.
"ಹೌದ್ರಿ ವೈನಿ."
"ಹಂಗಾರ ಅಳಬ್ಯಾಡ. ಅರ್ಧಕ್ಕ ಬಿಟ್ಟು ಬಂದಿದ್ರ ನಿಮ್ಮಣ್ಣ ಕುಣಿಯಾಗಿಂದ ಎದ್ದು ನಿನ್ನ ವಾಪಸ್ ಕಳಸ್ತಿದ್ರು."

ನಾಳೆ ಬರುತ್ತೇನೆ ಅಣ್ಣಾ, ಒಂದು ಹಿಡಿ ಮಣ್ಣು ಹಾಕಲಿಕ್ಕೆ...
ಹೋಗಿ ಬಾ. ನಿನ್ನ ಜೀವ ತಣ್ಣಗಿರಲಿ.